ಗ್ರಹಣದ ಸಭೆಗೆ ಹೋಗಿಬಂದ ದಾರಿ

ಗಜೇಂದ್ರಗಡ

ಪರದೇಶಕ್ಕೆ ಹೋಗಿಬಂದೆ ಎಂದರೆ ನಮ್ಮ ಊರಿನವರು ನಗುತ್ತಾರೆ. ಹಡಗು ಹತ್ತಲಿಲ್ಲ, ಸಮುದ್ರ ನೋಡಲಿಲ್ಲ, ಪುಣೆಗೆ ಹೋಗಿಬಂದವನದು ಎಂಥ ಪರದೇಶ ಎನ್ನುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೆ. ನಮ್ಮ ಊರು ಜಹಗೀರದಾರರದ್ದು, ರೋಣ ಕಂಪನಿಯದ್ದು, ಯಾವಗಲ್ಲಿನ ಹಳ್ಳ ದಾಟಿದರೆ ನರಗುಂದದ ಸಂಸ್ಥಾನ. ಎರಡು ದಿನ ನಡೆದರೆ ಮೂರು ಸರ್ಕಾರ, ಮೂರೂ ಕಡೆ ಒಂದೇ ಪ್ರಶ್ನೆ: ನೀನು ಯಾರ ಕಡೆಯವನು? ಇದಕ್ಕಿಂತ ಹೆಚ್ಚಿನ ಪರದೇಶ ಬೇಕಾದವರು ಹಡಗು ಹತ್ತಲಿ.

ಉತ್ತರದ ಕಡೆ ಸಿಪಾಯಿಗಳು ದಂಗೆ ಎದ್ದ ವರ್ಷ ಅದು. ನಮ್ಮ ಕಡೆ ಇನ್ನೂ ದಂಗೆ ಇರಲಿಲ್ಲ, ದಂಗೆಯ ಹೆದರಿಕೆ ಮಾತ್ರ ಇತ್ತು. ಅಲ್ಲೆಲ್ಲೋ ಊರಿಂದೂರಿಗೆ ರೊಟ್ಟಿ ಹೋದವು, ಅದೇ ದಂಗೆಯ ಸುದ್ದಿ ಎಂದು ಯಾರೋ ಹೇಳಿದ್ದರಿಂದ, ನೆಂಟರ ಮನೆಗೆ ಬುತ್ತಿ ಕಳಿಸಲಿಕ್ಕೂ ಜನ ಹಿಂದೆಮುಂದೆ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ನನಗೆ ಪುಣೆಯ ಪಾಠಶಾಲೆಯೊಂದರಿಂದ ಗಣಿತದ ಸಭೆಗೆ ಆಮಂತ್ರಣ ಬಂತು.

ನಾನು ಪಂಚಾಂಗ ಬರೆಯುವವನು. ಬರುವ ಶೀಗಿ ಹುಣ್ಣಿಮೆಗೆ ಚಂದ್ರಗ್ರಹಣ ಇತ್ತು. ಸೂರ್ಯ ಮುಳುಗಿ ಎರಡು ಗಳಿಗೆಗೆ ಹಿಡಿಯುತ್ತದೆ ಎಂದು ನನ್ನ ಲೆಕ್ಕ. ನಾಲ್ಕು ಗಳಿಗೆಗೆ ಎಂದು ಶಿರೋಳದ ಭೀಮಾಚಾರ್ಯರ ಲೆಕ್ಕ. ತಳದಲ್ಲಿ ಸೂಜಿಯಷ್ಟು ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತೇ ಒಂದು ಗಳಿಗೆ. ಎರಡು ಬಟ್ಟಲಿನ ಅಂತರ ಏನು ಮಹಾ ಎನ್ನಬೇಡಿ. ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ ಬಂದವರು ಯಾವಾಗ ಉಣ್ಣಬೇಕು, ಬಸುರಿಯರು ಯಾವಾಗ ಒಳಗೆ ಹೋಗಬೇಕು, ಎಲ್ಲಕ್ಕೂ ಅದೇ ಆಧಾರ. ಸಭೆ ಯಾರ ಲೆಕ್ಕ ಒಪ್ಪುತ್ತದೋ ಅವರ ಪಂಚಾಂಗ ಮುಂದೆ ನಡೆಯುತ್ತದೆ, ಇನ್ನೊಬ್ಬರದು ಮೂಲೆ ಸೇರುತ್ತದೆ. ಭೀಮಾಚಾರ್ಯರಿಗೂ ನನಗೂ ಹನ್ನೆರಡು ವರ್ಷದಿಂದ ಮಾತಿರಲಿಲ್ಲ. ಒಂದು ಮದುವೆಯಲ್ಲಿ ಮುಹೂರ್ತ ಮೀರಿತು, ಮೀರಿಲ್ಲ ಎಂದು ಮಾಲೆ ಹಿಡಿದು ನಿಂತ ಗಂಡುಹೆಣ್ಣಿನ ಎದುರೇ ಜಗಳವಾಡಿದ್ದೆವು.

ಆಮಂತ್ರಣದ ಜೊತೆಗೆ ಇನ್ನೊಂದು ಹಾಳೆ ಇತ್ತು. ಸಭೆಗೆ ಬರುವ ದಾರಿ ಹೇಗೆಂದು ಪುಣೆಯ ಯಾವನೋ ಕಾರಕೂನ ಬರೆದದ್ದು. ಯಾವ ಊರಲ್ಲಿ ಯಾರ ಮನೆಗೆ ಇಳಿಯಬೇಕು, ಯಾವ ಹಳ್ಳ ಎಲ್ಲಿ ದಾಟಬೇಕು, ಎಲ್ಲ ಇತ್ತು. ‘ಯಾವಗಲ್ಲಿನ ಹಳ್ಳದ ದಂಡೆಯಲ್ಲಿ ಶಿರೋಳದ ಒಬ್ಬರು ಗಜೇಂದ್ರಗಡದವರನ್ನು ಕೂಡುವುದು. ನರಗುಂದದಲ್ಲಿ ಮೂವರು ಕೂಡುವುದು. ಎಲ್ಲರೂ ಒಟ್ಟಾಗಿ ಮುಂದೆ ಸಾಗುವುದು. ತಡಮಾಡಬಾರದು’ ಎಂದು. ಇಂಥ ಕಾಗದವನ್ನು ಇಂಥ ವರ್ಷದಲ್ಲಿ ಗಂಟಿನಲ್ಲಿ ಕಟ್ಟಿಕೊಂಡು ಹೊರಟೆನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕು.

ನನ್ನ ಹೆಂಡತಿ ಅವಲಕ್ಕಿ ಗಂಟು ಕಟ್ಟುತ್ತ ಹೇಳಿದಳು, “ಎರಡಕ್ಕ ಹಿಡೀಲಿ, ನಾಕಕ್ಕ ಹಿಡೀಲಿ, ಬಿಡೂದಂತೂ ಬಿಡ್ತದಲ್ಲ? ಇಂಥಾ ದಿನದಾಗ ಯಾಕ ಹೋಗ್ತೀರಿ?”

“ನಿನಗ ತಿಳಿಯೂದಿಲ್ಲ” ಎಂದೆ. ಅವಳಿಗೆ ತಿಳಿದದ್ದು ನನಗೇ ತಿಳಿದಿರಲಿಲ್ಲ.

ರೋಣ

ನಾಗರ ಪಂಚಮಿ ಮುಗಿದ ಮೇಲೆ ಹೊರಟೆ. ಮೊದಲ ದಿನವೇ ಎರಿ ಹೊಲದ ಕೆಸರು ನನ್ನ ಎಡಗಾಲಿನ ಕೆರವನ್ನು ನುಂಗಿತು. ಬಗ್ಗಿ ಹುಡುಕಿದೆ, ಸಿಗಲಿಲ್ಲ. ಒಂದೇ ಕೆರ ಮೆಟ್ಟಿ ನಡೆಯುವವನು ನಗೆಪಾಟಲಾಗುತ್ತಾನೆಂದು ಇನ್ನೊಂದನ್ನೂ ಬಿಸಾಡಿ ಬರಿಗಾಲಲ್ಲಿ ರೋಣ ಹೊಕ್ಕೆ.

‘ಊರ ಹೊರಗಿನ ದೊಡ್ಡ ಬೇವಿನ ಮರದಿಂದ ಎಡಕ್ಕೆ’ ಎಂದು ಹಾಳೆಯಲ್ಲಿತ್ತು. ಮರ ಕಾಣಲಿಲ್ಲ. ಹಾಳೆ ಬಿಚ್ಚಿ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಓದಿ ಹೇಳಿ ದಾರಿ ಕೇಳಿದೆ. ನಮ್ಮ ಗಜೇಂದ್ರಗಡದಲ್ಲಿ ಪರಸ್ಥಳದವನು ದಾರಿ ಕೇಳಿದರೆ ಮೊದಲು ನೀರು ಕೊಡುತ್ತಾರೆ, ಆಮೇಲೆ ದಾರಿ, ಎಲ್ಲ ಮುಗಿದ ಮೇಲೆ ಹೆಸರು ಕೇಳುತ್ತಾರೆ. ಅವತ್ತು ರೋಣದಲ್ಲಿ ಮೊದಲು ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ಗಂಟಿನಲ್ಲಿ ಏನಿದೆ ಎಂಬ ಪ್ರಶ್ನೆ. ನೀರು ಯಾರೂ ಕೊಡಲಿಲ್ಲ. ಕೆಟ್ಟ ಜನ ಎಂದು ಆಗ ಬೈದುಕೊಂಡೆ. ಹೆದರಿದ ಜನ ಎಂದು ಈಗ ಗೊತ್ತು.

ಕೊನೆಗೆ ಎಣ್ಣೆ ಅಂಗಡಿಯ ಮುದುಕರೊಬ್ಬರು ಹತ್ತಿರ ಕರೆದರು. “ಜೋಯಿಸರ, ಆ ಮರಾ ಕಡದು ಮೂರ ವರ್ಷ ಆತ್ರಿ. ಮೊದಲ ಆ ಕಾಗದ ಮಡಚಿ ಒಳಗ ಇಟಗೊಳ್ರಿ. ‘ಅಲ್ಲಿ ಮೂರ ಮಂದಿ, ಇಲ್ಲಿ ಒಬ್ರು, ತಡಾ ಮಾಡಬ್ಯಾಡ್ರಿ’ ಅಂತ ಪ್ಯಾಟ್ಯಾಗ ನಿಂತು ಓದತೀರಲ್ಲ, ಕೇಳಿದವರು ಏನ ತಿಳಕೋಬೇಕು?”

“ಇದು ಪಂಡಿತರ ಸಭಾಕ್ಕ ಹೋಗೂ ದಾರಿ, ಯಜಮಾನರ.”

“ನನಗ ಹೇಳಿದ್ರಿ, ಆತು. ಕೇಳಿದವರಿಗೆಲ್ಲಾ ಹೇಳಲಿಕ್ಕೆ ಆಗತೈತೇನ್ರಿ?”

ಮುದುಕರ ಮಾತು ಸರಿ ಇತ್ತು, ಆದರೆ ಹೊತ್ತು ಮೀರಿತ್ತು. ಮರುದಿನ ನಾನು ಹಳ್ಳ ಮುಟ್ಟುವುದಕ್ಕೆ ಮೊದಲೇ ನನ್ನ ಸುದ್ದಿ ಅಲ್ಲಿ ಮುಟ್ಟಿ ಕೂತಿತ್ತು.

ಯಾವಗಲ್ಲಿನ ಹಳ್ಳ

‘ಯಾವಗಲ್ಲಿನ ಬೆಣ್ಣಿಹಳ್ಳದಲ್ಲಿ ಮೊಣಕಾಲುದ್ದ ನೀರು’ ಎಂದು ಹಾಳೆ ಹೇಳುತ್ತಿತ್ತು. ಬರೆದ ಪುಣ್ಯಾತ್ಮ ಯಾವನೋ ಬೇಸಗೆಯಲ್ಲಿ ದಾಟಿದವನನ್ನು ಕೇಳಿ ಬರೆದಿರಬೇಕು. ನಾನು ನೋಡಿದಾಗ ಹಳ್ಳ ಎರಡೂ ದಂಡೆ ಕೂಡಿಸಿ ಹರಿಯುತ್ತಿತ್ತು, ಮರದ ಬೊಡ್ಡೆಗಳು ತೇಲಿ ಹೋಗುತ್ತಿದ್ದವು. ಹರಗೋಲು ನಡೆಸುವ ಫಕೀರಪ್ಪ, “ಇನ್ನೊಂದು ತಾಸು ಕೂಡ್ರಿ, ಸೆಳವು ಇಳೀಲಿ” ಎಂದ.

ಹುಣಸೆ ಮರದ ಕೆಳಗೆ ಭೀಮಾಚಾರ್ಯರು ಆಗಲೇ ಕೂತಿದ್ದರು. ನನಗಿಂತ ಹತ್ತು ವರ್ಷ ಹಿರಿಯರು, ಮೊಣಕಾಲಿಗೆ ಎಣ್ಣೆಬಟ್ಟೆ ಸುತ್ತಿಕೊಂಡಿದ್ದರು, ಪಕ್ಕದಲ್ಲಿ ಅವರ ಗಳಿಗೆ ಬಟ್ಟಲು. ನಾನು ಅದೇ ಮರದ ಇನ್ನೊಂದು ಮಗ್ಗುಲಿಗೆ ಬೆನ್ನು ಮಾಡಿ ಕೂತೆ. ಇಬ್ಬರೂ ಮಾತಾಡಿದ್ದು ಫಕೀರಪ್ಪನ ಸಂಗಡ.

“ಫಕೀರಪ್ಪ, ಗಜೇಂದ್ರಗಡದವರಿಗೆ ಊಟ ಆಗ್ಯದೋ ಇಲ್ಲೋ ಕೇಳು.”

“ಆಗ್ಯದ ಅಂತ ಹೇಳಪಾ.” ಆಗಿರಲಿಲ್ಲ. ವಾದ ಮುಗಿಯುವ ತನಕ ಎದುರಾಳಿಯ ನೀರನ್ನೂ ಮುಟ್ಟಬಾರದೆಂದು ನಮ್ಮ ಗುರುಗಳ ಪದ್ಧತಿ.

ಸೆಳವು ಇಳಿಯುವ ಮೊದಲು ದಂಡೆಯ ಮೇಲಿನ ಕಂಪನಿಯ ಕಾವಲು ನಾಕಾದಿಂದ ನಾಲ್ವರು ಸಿಪಾಯಿಗಳು ಬಂದರು. ಇಬ್ಬರ ಗಂಟನ್ನೂ ಬಿಚ್ಚಿದರು. ಎರಡರಲ್ಲೂ ಒಂದೇ ಕೈಬರಹದ ಒಂದೇ ಹಾಳೆ. ಇಬ್ಬರನ್ನೂ ನಾಕಾಕ್ಕೆ ನಡೆಸಿದರು, ಅಲ್ಲಿಯ ಅಧಿಕಾರಿ ನಾಕೇದಾರ ಹಲ್ಲುನೋವಿಗೆ ಲವಂಗ ಕಚ್ಚಿಕೊಂಡು ಕೂತಿದ್ದ. ಅವನ ಕಾರಕೂನ ಹಾಳೆಯನ್ನು ಗಟ್ಟಿಯಾಗಿ ಓದಿದ. ಅವನ ಬಾಯಲ್ಲಿ ಕೇಳಿದಾಗ ನನಗೇ ಅದು ದಂಗೆಯ ಕಾಗದ ಎನಿಸಿತು.

“ಏನಿದು?” ನಾಕೇದಾರ ಕೇಳಿದ.

“ಸಭಾಕ್ಕ ಹೋಗೂ ದಾರಿರಿ.”

“ಯಾರ ವಿರುದ್ಧ ಸಭಾ?”

“ಇವರ ವಿರುದ್ಧ” ಎಂದು ಭೀಮಾಚಾರ್ಯರ ಕಡೆ ಕೈ ಮಾಡಿದೆ. ಸಿಪಾಯಿಯೊಬ್ಬ ನಕ್ಕ. ನಾಕೇದಾರ ನಗಲಿಲ್ಲ.

“ಗ್ರಹಣದ ಲೆಕ್ಕಕ್ಕ ಇಲ್ಲಿಂದ ಪುಣೇಕ್ಕ ನಡಕೊಂತ ಹೋಗತೇವಿ ಅಂದ್ರ ಮ್ಯಾಲಿನ ಸಾಹೇಬರು ನಂಬತಾರೇನು? ನಾಳೆ ನಿಮ್ಮನ್ನ ಧಾರವಾಡಕ್ಕ ಕಳಿಸದಿದ್ರ ನನ್ನ ನೌಕರಿ ಹೋಗತೈತಿ. ಒಂದ ಮಾತು ಕೇಳ್ತೀನಿ. ಗ್ರಹಣ ಎಷ್ಟೊತ್ತಿಗೆ ಹಿಡೀತೈತಿ, ಇಬ್ರೂ ಬ್ಯಾರೆ ಬ್ಯಾರೆ ಬಂದು ಹೇಳ್ರಿ. ಇಬ್ರ ಮಾತು ಕೂಡಿದ್ರ ನೀವು ಖರೇನಽ ಜೋಯಿಸರು. ಬಿಟ್ಟ ಬಿಡತೀನಿ.”

ಧಾರವಾಡಕ್ಕೆ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಆ ವರ್ಷ ಹಗ್ಗ ಹಾಕಿ ಒಯ್ದವರಲ್ಲಿ ತಿರುಗಿ ಬಂದವರನ್ನು ನಾನು ಕಂಡಿರಲಿಲ್ಲ. ತೋಪಿನ ಬಾಯಿಗೆ ಕಟ್ಟುತ್ತಾರೆ ಎಂಬ ಮಾತು ಸಂತೆಯಲ್ಲಿ ಮಕ್ಕಳಿಗೂ ಗೊತ್ತಿತ್ತು.

ಮೊದಲು ನನ್ನನ್ನು ಒಳಗೆ ಕರೆದರು. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ನಾಲ್ಕು ಎನ್ನಬೇಕೆಂದು ನನಗೆ ಹೊಳೆದಿತ್ತು. ಭೀಮಾಚಾರ್ಯರು ಸತ್ತರೂ ಎರಡು ಎನ್ನುವವರಲ್ಲ. ನಾನು ನಾಲ್ಕು ಎಂದರೆ ಇಬ್ಬರೂ ಉಳಿಯುತ್ತೇವೆ. ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಕಾರಕೂನ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದ. ಗಜೇಂದ್ರಗಡದ ಜೋಯಿಸ ನಾಲ್ಕು ಎಂದ ಎಂಬುದು ಬರಹದಲ್ಲಿ ಉಳಿಯುತ್ತದಲ್ಲ ಎನಿಸಿತು.

“ಎರಡು” ಎಂದೆ.

ಭೀಮಾಚಾರ್ಯರು ಒಳಗೆ ಹೋಗಿ ನಾಲ್ಕು ಎಂದು ಬಂದರು.

ನಾಕೇದಾರ ಎರಡೂ ಚೀಟಿ ಎದುರಿಗಿಟ್ಟು ಲವಂಗವನ್ನು ಇನ್ನೊಂದು ದವಡೆಗೆ ಸರಿಸಿದ. ಅವನು ಕೆಟ್ಟವನಲ್ಲ, ನಮ್ಮ ಹಾಗೆಯೇ ಹೆದರಿದವನು. “ಒಬ್ಬರು ಹೋಗ್ರಿ” ಎಂದ ಕೊನೆಗೆ. “ಸಭಾದವರ ಶಿಕ್ಕಾ ಹೊಡದ ಕಾಗದ ತಗೊಂಡು ಬರ್ರಿ. ಇನ್ನೊಬ್ಬರು ಇಲ್ಲೇ ಇರತಾರ. ಶೀಗಿ ಹುಣ್ಣಿವಿ ದಿನ ಕೈದಿಗಳ ಗಾಡಿ ಈ ಹಾದೀಲೆ ಹೋಗತೈತಿ. ಗ್ರಹಣ ಹಿಡದ ಮ್ಯಾಲ ನಾ ಯಾವ ಕಾಗದಾನೂ ಮುಟ್ಟಾಂವಲ್ಲ, ಗ್ರಹಣ ಬಿಟ್ಟಕೂಡಲೆ ಗಾಡಿ ಹೊಂಡತೈತಿ. ಹಿಡಿಯೂದರೊಳಗ ಈ ದಂಡಿ ಮ್ಯಾಲ ನಿಂತಿರಬೇಕು.”

“ಫಕೀರಪ್ಪ, ನನ್ನ ಮೊಣಕಾಲು ಅಷ್ಟು ದೂರ ನಡಿಯೂದಿಲ್ಲ. ಅವರ ಹೋಗಲಿ ಅಂತ ಹೇಳು” ಎಂದರು ಭೀಮಾಚಾರ್ಯರು. ಆಮೇಲೆ ಗಂಟಿನಿಂದ ಐದು ಹಾಳೆ ತೆಗೆದು ಅವನ ಕೈಗೆ ಕೊಟ್ಟರು. “ಇದು ನನ್ನ ವಾದ. ಸಭಾದಾಗ ಓದ್ರಿ ಅಂತ ಹೇಳು. ನಾ ಇರೂದಿಲ್ಲ, ಅವರಽ ಓದಬೇಕು.”

ಹಾಳೆ ತೆಗೆದುಕೊಂಡೆ. ತಲೆ ಎತ್ತಿ ಅವರ ಮುಖ ನೋಡಲಿಲ್ಲ.

ನರಗುಂದ

ಗುಡ್ಡದ ಮೇಲಿನ ಕೋಟೆ ಬಹಳ ದೂರದಿಂದಲೇ ಕಾಣುತ್ತದೆ. ನಾವು ಅದನ್ನು ನೋಡುತ್ತಿದ್ದೇವೋ ಅದು ನಮ್ಮನ್ನು ನೋಡುತ್ತಿದೆಯೋ ಎನಿಸುತ್ತದೆ. ಮರುವರ್ಷ ಬೇಸಗೆಯಲ್ಲಿ ದಂಗೆ ಎದ್ದು ಆ ಊರಿಗೆ ಬಂದ ಗತಿ ಎಲ್ಲರಿಗೂ ಗೊತ್ತು, ಅದನ್ನು ಹೇಳುವವನು ನಾನಲ್ಲ. ನಾನು ಹೋದಾಗ ಪೇಟೆಯಲ್ಲಿ ಕಾಳಿನ ವ್ಯಾಪಾರ ನಡೆದೇ ಇತ್ತು. ಆದರೆ ತೂಗುವವರು ಎಣಿಕೆಯನ್ನು ಬಾಯಿಬಿಟ್ಟು ಕೂಗುತ್ತಿರಲಿಲ್ಲ. ಕೂಗಿಲ್ಲದ ಕಾಳಿನ ಪೇಟೆಯನ್ನು ನಾನು ಹಿಂದೆ ನೋಡಿರಲಿಲ್ಲ.

ನನ್ನ ಜೊತೆ ಕೂಡಬೇಕಾಗಿದ್ದ ಮೂವರ ಬಾಗಿಲು ತಟ್ಟಿದೆ. ಒಬ್ಬರಿಗೆ ಜ್ವರವಂತೆ, ಒಬ್ಬರು ಊರಲ್ಲಿಲ್ಲವಂತೆ. ಮೂರನೆಯವರು ಬಾಗಿಲನ್ನು ನಾಲ್ಕು ಬೆರಳು ತೆರೆದು, “ಆಚಾರ್ರನ್ನ ಹಿಡದಾರಂತ ಸುದ್ದಿ ಬಂದದ. ನೀವು ನಮ್ಮ ಮನೀಗೆ ಬಂದೇ ಇಲ್ಲ” ಎಂದು ಮುಚ್ಚಿಕೊಂಡರು. ಒಬ್ಬನೇ ಮುಂದೆ ಸಾಗಿದೆ.

ಪುಣೆ

ಪುಣೆಯ ಜನ ಬೇಗ ನಡೆಯುತ್ತಾರೆ, ಸಣ್ಣ ಸೌಟಿನಿಂದ ಬಡಿಸುತ್ತಾರೆ. ನಮ್ಮಲ್ಲಿ ಬೇಡ ಎಂದ ಮೇಲೆ ಎರಡು ಸಲ ಹಾಕುತ್ತಾರೆ. ಅಲ್ಲಿ ಬೇಕು ಎಂದ ಮೇಲೆ ಒಂದು ಸಲ. ದಾರಿಯ ಹಾಳೆ ಬರೆದ ಕಾರಕೂನನನ್ನು ಹುಡುಕಿ, ಬೇವಿನ ಮರ ಇಲ್ಲ, ಹಳ್ಳದಲ್ಲಿ ಆಳೆತ್ತರದ ನೀರು ಎಂದು ಹೇಳಿದೆ. ಅವನು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡ. ಮುಂದಿನ ಸಭೆಗೂ ಅದೇ ಹಾಳೆಯನ್ನೇ ಕಳಿಸಿದ ಎಂದು ಆಮೇಲೆ ತಿಳಿಯಿತು.

ಸಭೆ ನಡೆದ ಪಡಸಾಲೆಯ ಗೋಡೆಯಲ್ಲಿ ಒಂದು ಗಡಿಯಾರ ಇತ್ತು. ನಮ್ಮ ಬಟ್ಟಲು ಮುಳುಗುವಾಗ ಒಂದು ಸಲ ಸದ್ದು ಮಾಡಿ ಸುಮ್ಮನಾಗುತ್ತದೆ. ಆ ಯಂತ್ರಕ್ಕೆ ಬಾಯಿ ಮುಚ್ಚುವುದೇ ಗೊತ್ತಿಲ್ಲ. ಮೂರು ದಿನ ಅದರ ಟಿಕಟಿಕ ಕೇಳುತ್ತ ಹಳ್ಳದ ದಂಡೆಯ ಹುಣಸೆ ಮರವನ್ನೇ ನೆನೆದೆ.

ನನ್ನ ಸರದಿ ಬಂತು. ನನ್ನ ಲೆಕ್ಕ ಹೇಳಿದೆ. ಅಧ್ಯಕ್ಷರು, “ಪ್ರತಿವಾದಿಗಳು ಎಲ್ಲಿ?” ಎಂದರು. ನಾಕಾದ ಕಥೆ ಹೇಳಿದೆ. ಎಲ್ಲರೂ ಅಯ್ಯೋ ಎಂದರು. ಆಮೇಲೆ ಅಧ್ಯಕ್ಷರು, ಪ್ರತಿವಾದ ಇಲ್ಲದ್ದರಿಂದ ಗಜೇಂದ್ರಗಡದ ಎರಡು ಗಳಿಗೆಯನ್ನು ಸಭೆ ಒಪ್ಪುತ್ತದೆ ಎಂದರು.

ಐದು ಹಾಳೆ ನನ್ನ ಅಂಗಿಯೊಳಗೆ ಇದ್ದವು. ಅವರ ವಾದವನ್ನು ಬರೆದು ಕಳಿಸಿದ್ದಾರೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ತೆಗೆಯುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ದಾರಿಯುದ್ದಕ್ಕೂ ಅವನ್ನು ಬಿಚ್ಚಿ ನೋಡಿರಲಿಲ್ಲ. ಬಿಚ್ಚಲು ಹೆದರಿಕೆ ಇತ್ತು. ಶಾಲು ಹೊದಿಸಿದರು, ಹೊದಿಸಿಕೊಂಡೆ. ಇಬ್ಬರೂ ಪಂಡಿತರೆಂದೂ, ಸಭೆ ಎರಡು ಗಳಿಗೆಯನ್ನು ಒಪ್ಪಿತೆಂದೂ ಒಂದೇ ಕಾಗದದಲ್ಲಿ ಬರೆದು ಶಿಕ್ಕಾ ಒತ್ತಿ ಕೊಟ್ಟರು. ಆ ಶಾಲಿನಷ್ಟು ಸೆಕೆಯ ಬಟ್ಟೆಯನ್ನು ನಾನು ಮತ್ತೆ ಹೊದ್ದಿಲ್ಲ.

ತಿರುಗಿ ಹಳ್ಳಕ್ಕೆ

‘ಮಲಪ್ರಭೆಯಲ್ಲಿ ಸದಾ ದೋಣಿ ಉಂಟು’ ಎಂದು ಹಾಳೆಯಲ್ಲಿತ್ತು. ತಿರುಗಿ ಬರುವಾಗ ಒಂದೂ ಇರಲಿಲ್ಲ. ದಂಗೆಯವರು ದಾಟಬಾರದೆಂದು ದೋಣಿಗಳನ್ನೆಲ್ಲ ಮೇಲೆಳೆದು ಕಾವಲು ಹಾಕಿದ್ದರು. ದಾಟಲು ಬರುವ ಜಾಗ ಹುಡುಕುತ್ತ ಹೊಳೆಗುಂಟ ಮೇಲಕ್ಕೆ ನಡೆದು ನಾಲ್ಕು ದಿನ ಕಳೆದುಕೊಂಡೆ. ನರಗುಂದ ಮುಟ್ಟುವಾಗ ಶೀಗಿ ಹುಣ್ಣಿಮೆಯ ಮಧ್ಯಾಹ್ನ ದಾಟಿತ್ತು. ಊರ ಅಗಸೆ ಬಾಗಿಲಲ್ಲಿ ಕಾವಲಿನವರು ಕಾಗದ ನೋಡಬೇಕೆಂದು ಇನ್ನಷ್ಟು ಹೊತ್ತು ಕೂಡಿಸಿದರು. ಬಿಟ್ಟ ಕೂಡಲೆ ಓಡಿದೆ.

ಹೊಲಗಳಲ್ಲಿ ಚರಗ ಚೆಲ್ಲಿ ಜನ ಮನೆಗೆ ಹೋಗಿಯಾಗಿತ್ತು. ಯಾರೋ ಒಬ್ಬ ಮುದುಕಿ ಬುಟ್ಟಿ ಹೊತ್ತು ಹೋಗುತ್ತ, “ಗ್ರಾಣ ಹಿಡೀತೈತಿ, ಮನೀ ಸೇರ್ರಿ” ಎಂದಳು. ನನ್ನ ಬೆನ್ನಿಗೆ ಸೂರ್ಯ ಮುಳುಗಿದ. ಎದುರಿಗೆ ಯಾವಗಲ್ಲಿನ ಕಡೆಯಿಂದ ಚಂದ್ರ ಎದ್ದ, ದೊಡ್ಡದಾಗಿ, ಕೆಂಪಗೆ, ಇಡಿಯಾಗಿ.

ಬಟ್ಟಲಿಲ್ಲದೆಯೂ ಗಳಿಗೆ ಎಣಿಸುವುದು ನಮ್ಮ ಮನೆತನದ ವಿದ್ಯೆ. ಶ್ಲೋಕ ಹೇಳುತ್ತ ಓಡಿದೆ. ಒಂದು ಗಳಿಗೆ ಆಯಿತು. ಎರಡನೆಯದು ಮುಗಿಯುತ್ತ ಬಂದ ಹಾಗೆ ನನ್ನ ಕಾಲು ತಾವಾಗಿಯೇ ನಿಂತವು. ನನ್ನ ಲೆಕ್ಕ ಖರೇ ಆದರೆ ಈಗ ಚಂದ್ರನ ಅಂಚು ಕಪ್ಪಾಗಬೇಕು, ಭೀಮಾಚಾರ್ಯರು ಗಾಡಿ ಹತ್ತಬೇಕು. ಇಪ್ಪತ್ತು ವರ್ಷ ಗ್ರಹಗಳ ಲೆಕ್ಕ ಮಾಡಿದವನು ನಾನು. ಹೊಲದ ನಡುವೆ ನಿಂತು, ದೇವರೇ, ನನ್ನ ಲೆಕ್ಕ ತಪ್ಪಾಗಲಿ ಎಂದು ಬೇಡಿಕೊಂಡೆ. ಎರಡು ಗಳಿಗೆ ಮುಗಿಯಿತು. ಚಂದ್ರ ಇಡಿಯಾಗಿಯೇ ಇದ್ದ. ಅಳು ಬಂತು. ಮತ್ತೆ ಓಡಿದೆ.

ಹಳ್ಳ ಮುಟ್ಟುವ ಹೊತ್ತಿಗೆ ಮೋಡ ಕವಿದು ಚಂದ್ರ ಕಾಣದಾದ. ಫಕೀರಪ್ಪ ಹರಗೋಲು ಹಾಕಿಕೊಂಡು ಈ ದಂಡೆಯಲ್ಲೇ ಕಾಯುತ್ತಿದ್ದ. “ಲಗೂ ಹತ್ರಿ, ಗಾಡಿ ಬಂದೈತಿ” ಎಂದ.

ಆಚೆ ದಂಡೆಯಲ್ಲಿ ನಾಕಾದ ಎದುರು ಗಾಡಿ ನಿಂತಿತ್ತು. ಭೀಮಾಚಾರ್ಯರ ಕೈಗೆ ಹಗ್ಗ ಹಾಕಿದ್ದರು. ಅವರ ಮುಂದೆ ನೀರಿನ ಹಂಡೆ, ಅದರಲ್ಲಿ ಅವರ ಬಟ್ಟಲು. ಸಿಪಾಯಿಯೊಬ್ಬ ಎಣಿಸುತ್ತ ಕೂತಿದ್ದ. ಮೂರು ಸಲ ಮುಳುಗಿತ್ತು, ನಾಲ್ಕನೆಯ ಸಲ ಈಗಷ್ಟೇ ಬಿಟ್ಟಿದ್ದರು.

ಕಾಗದ ಚಾಚಿದೆ. ನಾಕೇದಾರ ಕೈ ಹಿಂದಕ್ಕೆ ಕಟ್ಟಿಕೊಂಡ. “ಮೊದಲ ಹೇಳ್ರಿ. ನಿಮ್ಮ ಸಭಾ ಏನಂತು? ಎಷ್ಟು ಗಳಿಗಿ?”

ಸುಳ್ಳು ಹೇಳಬಹುದಿತ್ತು, ಕಾಗದದಲ್ಲಿ ಶಿಕ್ಕಾ ಇರದಿದ್ದರೆ. “ಎರಡು ಅಂತು” ಎಂದೆ.

“ಹಂಗಾರ ಗ್ರಹಣ ಹಿಡದು ಆತು. ಮ್ವಾಡದಾಗ ಕಾಣವಲ್ದು, ಅಷ್ಟ. ನಿಮ್ಮ ಕಾಗದದ ಪ್ರಕಾರಾನಽ ತಡಾ ಆತಲ್ರಿ ಜೋಯಿಸರ.”

“ಸಭಾ ತಪ್ಪು” ಎಂದೆ. “ನನ್ನ ಲೆಕ್ಕ ತಪ್ಪು. ಎರಡು ಗಳಿಗಿ ಮುಗದ ಮ್ಯಾಲೆ ಹೊಲದಾಗ ನಿಂತು ಕಣ್ಣಾರೆ ನೋಡೇನಿ, ಚಂದ್ರ ಇಡೀ ಇದ್ದ. ಆಚಾರ್ರು ನಾಕು ಅಂದಿದ್ರಲ್ಲ, ಅದಽ ಖರೇ. ಕಾರಕೂನರ, ಬರಕೊಳ್ರಿ. ಗಜೇಂದ್ರಗಡದ ಜೋಯಿಸ ನಾಕು ಅಂದ. ಸಹಿ ಮಾಡತೀನಿ.”

ಕಾರಕೂನ ನಾಕೇದಾರನ ಮುಖ ನೋಡಿದ. ನಾಕೇದಾರ ಮೋಡ ನೋಡಿದ. ಬಟ್ಟಲಿನಲ್ಲಿ ನೀರು ಏರುತ್ತಿತ್ತು. ಗಾಡಿಯ ಎತ್ತು ಕೊರಳು ಅಲ್ಲಾಡಿಸಿದಾಗ ಗಂಟೆ ಸದ್ದಾಯಿತು. ಬಟ್ಟಲು ಅರ್ಧ ತುಂಬಿರಬೇಕು, ಮೋಡ ಸರಿಯಿತು. ಚಂದ್ರ ತಾಟಿನ ಹಾಗೆ ದುಂಡಗೆ, ಎಲ್ಲಿಯೂ ಕಲೆ ಇಲ್ಲದೆ ಹೊರಗೆ ಬಂದ.

ನಾಕೇದಾರ ನನ್ನ ಕೈಯಿಂದ ಕಾಗದವನ್ನು ಕಿತ್ತುಕೊಂಡ. ಓದಿದ, ಶಿಕ್ಕಾ ನೋಡಿದ, “ಹಗ್ಗ ಬಿಚ್ರಿ” ಎಂದ. ಬಿಚ್ಚಿ ಮುಗಿಯುತ್ತಿದ್ದಂತೆ ಚಂದ್ರನ ಕೆಳಗಿನ ಅಂಚು ಕಪ್ಪಾಯಿತು. ಬಟ್ಟಲು ಮುಳುಗಲು ಇನ್ನೂ ಎರಡು ಬೆರಳು ಬಾಕಿ ಇತ್ತು. ಭೀಮಾಚಾರ್ಯರ ಲೆಕ್ಕವೂ ಅಷ್ಟರಮಟ್ಟಿಗೆ ತಪ್ಪೇ. ಅವತ್ತು ಆ ಮಾತು ಆಡಲಿಲ್ಲ.

ಅವರು ಮಣಿಕಟ್ಟು ತಿಕ್ಕಿಕೊಳ್ಳುತ್ತ ನನ್ನ ಕಡೆ ತಿರುಗಿದರು. ಫಕೀರಪ್ಪ ಪಕ್ಕದಲ್ಲೇ ಇದ್ದ, ಅವನನ್ನು ಕರೆಯಲಿಲ್ಲ. ಹನ್ನೆರಡು ವರ್ಷದ ಮೇಲೆ ನೇರವಾಗಿ ನನ್ನನ್ನೇ ಕೇಳಿದರು.

“ನನ್ನ ಹಾಳಿ ಓದಿದ್ರೇನು?”

“ಇಲ್ರಿ.”

“ಯಾಕ?”

“ಹೆದರಿಕಿ ಬಂತು. ಸೋತೇನು ಅಂತ.”

ಅವರು ಬೈಯಲಿ ಎಂದು ಕಾದೆ. ಬೈಯಲಿಲ್ಲ. ತಂಬಿಗೆಯಿಂದ ನೀರು ಬಗ್ಗಿಸಲು ಹೋಗಿ, ಗ್ರಹಣ ಹಿಡಿದದ್ದು ನೆನಪಾಗಿ ಕೈ ಹಿಂದೆ ತೆಗೆದರು. “ನೀರು ಆಮ್ಯಾಲೆ ಕುಡೀರಂತ” ಎಂದರು. “ಗ್ರಹಣ ಬಿಡೂತನಕಾ ಹೊತ್ತದ. ಈಗ ಓದ್ರಿ.”

ಸಿಪಾಯಿ ದೀಪ ತಂದಿಟ್ಟ. ನಾಕೇದಾರ ಲವಂಗ ಕಚ್ಚಿಕೊಂಡು ಕೂತ, ಕಾರಕೂನ ಕೂತ, ಫಕೀರಪ್ಪ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅಂಗಿಯೊಳಗಿನಿಂದ ಐದು ಹಾಳೆ ತೆಗೆದೆ, ಬೆವರಿಗೆ ಅಂಟಿಕೊಂಡಿದ್ದವು. ಮೂರನೆಯ ಹಾಳೆಯ ನಡುವೆ ನನ್ನ ತಪ್ಪು ಇತ್ತು. ಗಟ್ಟಿಯಾಗಿ ಓದಿದೆ.